ಮೂರನೇ ದಿನದ ಮಾತು

ಆ ಎರಡು ಕೈಗಳು ಖಾಲಿಯಾಗಿಯೇ ಉಳಿದವು.

ಚರ್ಚಿನ ಕಟಕಟೆಯ ಮುಂದೆ ಮೊಣಕಾಲೂರಿದ್ದ ಸಾಲಿನಲ್ಲಿ, ತನ್ನ ಪಕ್ಕದಲ್ಲೇ ಚಾಚಿಕೊಂಡಿದ್ದ ಆ ಕೈಗಳನ್ನು ದಯಾಮಣಿ ನೋಡಬಾರದೆಂದುಕೊಂಡೇ ನೋಡಿದಳು. ಹೆಬ್ಬೆರಳ ಮೇಲೆ ವೈರು ಸುಲಿಯುವಾಗ ಆದ ಗಾಯ. ಉಗುರಿನ ಅಂಚಿಗೆ ಕಪ್ಪು. ಬಲಗೈ ಕೆಳಗೆ ಎಡಗೈ ಜೋಡಿಸಿ, ಮಠದಲ್ಲಿ ಪ್ರಸಾದಕ್ಕೆ ಚಾಚುವ ಹಾಗೆ ಭಕ್ತಿಯಿಂದ ಹಿಡಿದಿದ್ದ, ಮೈಕಿನ ಹುಡುಗ.

ಅವಳ ತಂದೆ, ಸಭಾಪಾಲಕ ಸಮುವೇಲಪ್ಪ ಹಾದಿಮನಿ, ಒಬ್ಬೊಬ್ಬರ ಅಂಗೈಗೂ ರೊಟ್ಟಿಯ ಸಣ್ಣ ತುಣುಕು ಇಡುತ್ತ ಬಂದರು. ಆ ಕೈಗಳ ಮುಂದೆ ಕ್ಷಣ ನಿಂತರು. ಮುಖ ನೋಡಿದರು. ತುಣುಕು ಇಡಲಿಲ್ಲ. ಅವನ ತಲೆಯ ಮೇಲೆ ಕೈಯಿಟ್ಟು ಮೆಲ್ಲಗೆ ಹರಸಿ ಮುಂದೆ ಸರಿದರು.

ತಟ್ಟೆ ತಿರುಗಿ ಬರಬಹುದೆಂದು ಅವನು ಇನ್ನೂ ಸ್ವಲ್ಪ ಹೊತ್ತು ಕೈ ಹಿಡಿದೇ ಇದ್ದ. ಆಮೇಲೆ ಅಕ್ಕಪಕ್ಕ ನೋಡಿದ. ಎಲ್ಲರ ಬಾಯೂ ಆಡುತ್ತಿತ್ತು. ಅವನ ಕಣ್ಣು ದಯಾಮಣಿಯ ಮೇಲೆ ನಿಂತಿತು.

‘ನನಗ ಯಾಕ ಇಲ್ಲ?’

ಕೇಳಿದ್ದು ಕಣ್ಣಷ್ಟೇ. ಆದರೆ ಅವಳ ಬಾಯೊಳಗಿನ ತುಣುಕು ಒಳಗಿಳಿಯಲಿಲ್ಲ...

ಅದು ತೊಂಬತ್ತೆಂಟರ ಈಸ್ಟರ್. ಬೈಲಹೊಂಗಲದ ಆ ಸಣ್ಣ ಚರ್ಚಿಗೆ ಹಬ್ಬದ ದಿನ ಸುತ್ತಲ ಹಳ್ಳಿಗಳ ಜನರೂ ಬರುತ್ತಿದ್ದುದರಿಂದ ಬಾಡಿಗೆಗೆ ಮೈಕ್ ಸೆಟ್ ತರಿಸಿದ್ದರು. ಸೆಟ್ಟಿನ ಜೊತೆ ಬಂದವನೇ ಉಳವಪ್ಪ. ಸವದತ್ತಿ ತಾಲೂಕಿನ ಹೂಲಿಯವನು. ಬೈಲಹೊಂಗಲದ ಬಜಾರದಲ್ಲಿ ಪುಟ್ಟ ಅಂಗಡಿ. ಕೊರಳಲ್ಲಿ ಲಿಂಗ. ಊರ ಮಠದ ದಾಸೋಹದಲ್ಲಿ ಉಂಡು ಬೆಳೆದವನಿಗೆ ಗೊತ್ತಿದ್ದುದು ಇಷ್ಟೇ... ಜನ ಸಾಲಿನಲ್ಲಿ ಹೋಗಿ ಕೈ ಚಾಚಿದರೆ ತಾನೂ ಹೋಗಿ ಚಾಚಬೇಕು. ದೇವರ ಮುಂದೆ ಕೊಟ್ಟದ್ದನ್ನು ಬೇಡ ಎನ್ನಬಾರದು.

ಆದರೆ ಈ ರೊಟ್ಟಿ, ಯೇಸುವನ್ನು ನಂಬಿ ದೀಕ್ಷಾಸ್ನಾನ ಪಡೆದವರಿಗೆ ಮಾತ್ರ. ಅದನ್ನು ಅವನಿಗೆ ಯಾರೂ ಹೇಳಿರಲಿಲ್ಲ.

ಆರಾಧನೆ ಮುಗಿದು ಜನ ಚಹಾ ಕುಡಿಯಲು ಹೊರಗೆ ಹೋದಾಗ ಅವನು ಕೂತು ವೈರು ಸುತ್ತುತ್ತಿದ್ದ. ದಯಾಮಣಿ ಕಂಬದ ಮರೆಯಲ್ಲಿ ನಿಂತೇ ಇದ್ದಳು. ಬಿ.ಎ. ಮುಗಿಸಿ ಎರಡು ವರ್ಷವಾಗಿದ್ದರೂ ಅಪರಿಚಿತರ ಮುಂದೆ ಅವಳ ಮಾತು ಗಂಟಲಲ್ಲೇ ಸಾಯುತ್ತಿತ್ತು. ಆವತ್ತು ಮಾತ್ರ ಹೇಗೋ ಕಾಲು ನಡೆದವು.

“ತಪ್ಪು ತಿಳ್ಕೋಬ್ಯಾಡ್ರಿ...” ಎಂದಳು.

“ಏನ್ ತಪ್ಪ ಬಿಡ್ರಿ ಅಕ್ಕಾರ. ಬಾಡಿಗಿ ಮೈಕಿನಾಂವ ಮೈಕಿನ ಹತ್ರ ಕುಂದರಬೇಕಿತ್ತು.” ಅವನು ತಲೆ ಎತ್ತಲಿಲ್ಲ.

“ಹಂಗಲ್ರಿ. ಅದು ಪ್ರಸಾದ ಅಲ್ಲ.”

“ಮತ್ತೇನು?”

ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಕಲಿಸುವ ಉತ್ತರ ತಾನಾಗಿ ಬಂತು. “ನಮ್ಮ ಪಾಪದ ಸಲುವಾಗಿ ಯೇಸುಸ್ವಾಮಿ ಶಿಲುಬಿ ಮ್ಯಾಲೆ ಸತ್ತ್ರು. ರೊಟ್ಟಿ ಅಂದ್ರ ಅವರ ದೇಹದ ಗುರುತು. ಅವರ ಸಾವಿನ ನೆನಪು ಮಾಡಿ, ಅವರ ಜೋಡಿ ಒಂದಾಗೂದು ಅದು.”

“ಯಾರ ಪಾಪದ ಸಲುವಾಗಿ ಅಂದ್ರಿ?”

“ಎಲ್ಲಾರದೂ.”

“ಆ ಎಲ್ಲಾರೊಳಗ ಹೂಲಿಯವರು ಬರೂದಿಲ್ಲೇನ್ರಿ?”

ಅವನು ಈಗ ತಲೆ ಎತ್ತಿದ. ಕಣ್ಣಲ್ಲಿ ಕುಚೋದ್ಯವಿರಲಿಲ್ಲ.

“ಸಿಟ್ಟಾಗಬ್ಯಾಡ್ರಿ... ಇದನ್ನ ನೀವು ತಿಳಿದು ಹೇಳಿದ್ರೋ, ಬಾಯಿಪಾಠ ಹೇಳಿದ್ರೋ?”

ಯಾರೋ ಕೆನ್ನೆಗೆ ಹೊಡೆದಂತಾಯಿತು. ಅವಳ ಮುಖ ಸಣ್ಣಗಾದದ್ದು ಕಂಡು ಅವನೇ ಗಾಬರಿಯಾದ. ಲೌಡ್‌ಸ್ಪೀಕರಿನ ಹಾರ್ನನ್ನು ಹೆಗಲಿಗೇರಿಸಿ ಮಾತು ಬದಲಿಸಿದ.

“ನಿಮ್ಮ ಅಪ್ಪಾರ ಧ್ವನಿ ಛಲೋ ಐತ್ರಿ. ಆದ್ರ ಮೈಕು ಅಷ್ಟು ಬಾಯಿ ಹತ್ರ ಹಿಡಿಬ್ಯಾಡ್ರಿ ಅಂತ ಹೇಳ್ರಿ. ‘ಪಾಪ’ ಅಂದಾಗೆಲ್ಲಾ ಗುಂಡು ಹಾರಿಸಿದಂಗ ಕೇಳ್ತೈತಿ. ಹೊರಗ ಕಟ್ಟಿದ್ದ ಎತ್ತು ಎರಡು ಸಲ ಹಗ್ಗ ಹರಕೊಂಡಾವು.”

ದಯಾಮಣಿ ನಕ್ಕಳು. ಸೆರಗು ಬಾಯಿಗೆ ಒತ್ತಿಕೊಂಡರೂ ನಗು ನಿಲ್ಲಲಿಲ್ಲ. ಅವ್ವ ಸತ್ತ ಮೇಲೆ ಹೀಗೆ ನಕ್ಕದ್ದು ಅವಳಿಗೆ ನೆನಪಿರಲಿಲ್ಲ.

ಆದರೆ ಮನೆಗೆ ಬಂದ ಮೇಲೆ ನಗು ಆರಿತು, ಪ್ರಶ್ನೆ ಉಳಿಯಿತು. ತಿಳಿದು ಹೇಳಿದ್ರೋ, ಬಾಯಿಪಾಠವೋ...

---

ಮುಂದಿನ ವಾರ ಅವನು ಸಮುವೇಲಪ್ಪನವರ ಮನೆಬಾಗಿಲಿಗೇ ಬಂದ.

“ಪಾಸ್ಟರ್ ರೀ, ಆ ಸಾಲಿನಾಗ ಕುಂದರಾಕ ಏನೇನ್ ಗೊತ್ತಿರಬೇಕೋ ಅದನ್ನ ಕಲಿಬೇಕಂತ ಬಂದೇನ್ರಿ.”

ಸಮುವೇಲಪ್ಪ ಕನ್ನಡಕ ತೆಗೆದು ಒರೆಸಿದರು. “ಕಲಿಯಾಕ ಯಾರಿಗೂ ಬ್ಯಾಡ ಅನ್ನೂದಿಲ್ಲ ತಮ್ಮಾ. ಆದ್ರ ನಿಮ್ಮ ಮನಿಯಾಗ?”

“ಅವ್ವಗ ಹೇಳೇನ್ರಿ. ಕೇಳಿದ್ರ ಕಿವಿ ಏನ್ ಸವೆಯೂದಿಲ್ಲ, ಹೋಗಿ ಬಾ ಅಂದಾಳ.”

ಹೀಗೆ ಗುರುವಾರ ಸಂಜೆಯ ಪಾಠ ಶುರುವಾಯಿತು. ಚಹಾ ಕೊಡಲು ಬರುವ ದಯಾಮಣಿ ಮೊದಲು ಬಾಗಿಲಲ್ಲಿ ನಿಂತು ಕೇಳಿದಳು. ಆಮೇಲೆ ಒಳಗಿನ ಸ್ಟೂಲಿನ ಮೇಲೆ ಕೂತಳು. ಆಮೇಲೆ ಗುರುವಾರ ಬಂತೆಂದರೆ ಮಧ್ಯಾಹ್ನವೇ ಹಾಲು ಎತ್ತಿಡತೊಡಗಿದಳು.

ದೇವರು ಒಬ್ಬನೇ, ಲೋಕವನ್ನೆಲ್ಲ ಮಾಡಿದವನು, ಅವನನ್ನು ತಂದೆ ಎಂದು ಕರೆಯಬಹುದು ಎಂದಾಗ ಉಳವಪ್ಪ ತಲೆಯಾಡಿಸಿದ. “ಇದರಾಗ ನಮಗ ತಕರಾರಿಲ್ರಿ.”

ತಂದೆ, ಮಗ, ಪವಿತ್ರಾತ್ಮ... ಮೂವರಾದರೂ ಒಬ್ಬ ದೇವರು ಎಂಬಲ್ಲಿ ತಲೆ ಕೆರೆದುಕೊಂಡ. ಆಮೇಲೆ ಮುಖ ಅರಳಿತು. “ಹಾಂ. ಮೈಕು, ಆಂಪ್ಲಿಫೈಯರು, ಹಾರ್ನು. ಮೂರಿದ್ರೂ ಕೇಳೂ ಧ್ವನಿ ಒಂದ. ಹೌದಲ್ರಿ?”

ಸಮುವೇಲಪ್ಪ ಹೊಟ್ಟೆ ಹಿಡಿದು ನಕ್ಕರು. “ಛಲೋ ಐತಿ. ಆದ್ರ ಇಂಥಾ ಹೋಲಿಕಿ ಎಲ್ಲಾ ನಾಲ್ಕು ಹೆಜ್ಜಿ ನಮ್ಮ ಜೋಡಿ ಬರ್ತಾವು, ಆಮ್ಯಾಲೆ ಕುಂಟ್ತಾವು. ಕುಂಟೂತನಕ ಇಟ್ಕೋ.”

“ಪಾಪ ಅಂದ್ರ ಕಳವು, ಕೊಲಿ ಅಷ್ಟ ಅಲ್ಲ,” ಎಂದರು ಇನ್ನೊಂದು ದಿನ. “ದೇವರಿಗೆ ಬೆನ್ನು ಮಾಡಿ ನನ್ನ ದಾರಿ ನನಗ ಅಂತ ಹೋಗೂದು.”

“ಹಂಗಾದ್ರ ಇಡೀ ಬೈಲಹೊಂಗಲ ಒಳಗ ಬಂತಲ್ರಿ.”

“ಪಾಸ್ಟರೂ ಬಂದ.”

“ಮತ್ತ ಈ ಕೃಪೆ ಅಂತೀರಲ್ಲ, ಅದನ್ನ ಗಳಿಸೂದು ಹೆಂಗ್ರಿ?”

“ಗಳಿಸಾಕ ಬರೂದಿಲ್ಲ. ಅವನು ಕೊಡ್ತಾನ, ನಾವು ತಗೋಬೇಕು.”

“ನಮ್ಮ ಕಡೆ ದುಡಿದು ತಿನ್ನಬೇಕಂತಾರ್ರಿ.”

“ದುಡಿಬ್ಯಾಡಂತ ನಾನೂ ಅನ್ನೂದಿಲ್ಲಪ್ಪ. ಆದ್ರ ಮಗಾ ಅನ್ನಿಸ್ಕೊಳ್ಳಾಕ ಯಾರರ ಕೂಲಿ ಮಾಡ್ತಾರೇನು? ಮಗಾ ಅಂತ ತಿಳಿದ ಮ್ಯಾಲೆ ಅವನ ಎದ್ದು ಹೊಲಕ್ಕ ಹೋಗ್ತಾನ.”

ಉಳವಪ್ಪ ಲೋಟ ಹಿಡಿದೇ ಕೂತ. ಚಹಾ ಆರಿತು. ದಯಾಮಣಿಗೆ ಇವು ಹುಟ್ಟಿದಾಗಿನಿಂದ ಕೇಳಿದ ಮಾತುಗಳೇ. ಆದರೆ ಅವನು ತಿರುವಿ ಮುರುವಿ ನೋಡುವಾಗ ಅವು ಅವಳಿಗೂ ಹೊಸದಾಗಿ ಕಾಣುತ್ತಿದ್ದವು.

ಒಂದು ಗುರುವಾರ ಮಾತ್ರ ನಗು ಇರಲಿಲ್ಲ.

ಯೇಸು ಸತ್ತು, ಸಮಾಧಿಯಾಗಿ, ಮೂರನೇ ದಿನ ಜೀವಂತವಾಗಿ ಎದ್ದರು. ಇದೇ ನಮ್ಮ ನಂಬಿಕೆಯ ಬುಡ, ಇದಿಲ್ಲದಿದ್ದರೆ ಉಳಿದದ್ದೆಲ್ಲ ಬರಿಯ ಒಳ್ಳೆಯ ಮಾತು ಎಂದು ಸಮುವೇಲಪ್ಪ ಹೇಳಿದರು.

ಉಳವಪ್ಪ ನೆಲ ನೋಡುತ್ತ ಹೇಳಿದ. “ನಮ್ಮಪ್ಪಗ ಹಾವು ಕಡೀತ್ರಿ. ನನ್ನ ಕೈಲೆ ಮಣ್ಣು ಕೊಟ್ಟೇನಿ. ಮೂರನೇ ದಿನ ಹಾಲು-ತುಪ್ಪ ಬಿಡಾಕ ಹೋದಾಗ ನನಗ ಒಂದು ಹುಚ್ಚು ಆಸೆ ಇತ್ತು. ಮಣ್ಣು ಸ್ವಲ್ಪರ ಅಲಗಾಡಿರಬೇಕಂತ... ಹಂಗ ಇತ್ರಿ. ಹಾಲು ಹಿಂಗಿತು. ಅಷ್ಟ.”

ಸಮುವೇಲಪ್ಪ ಕೈಯಲ್ಲಿದ್ದ ಬೈಬಲ್ ಮುಚ್ಚಿದರು.

“ಉಳಿದದ್ದಕ್ಕೆಲ್ಲಾ ಹೂಂ ಅಂತೇನ್ರಿ ಪಾಸ್ಟರ್. ಇದೊಂದು ಒಳಗ ಇಳಿವಲ್ದು.”

“ಇಳಿಸಾಕ ನಾ ಒದ್ದಾಡೂದಿಲ್ಲ ತಮ್ಮಾ,” ಎಂದರು ಸಮುವೇಲಪ್ಪ. ಆವತ್ತು ಪಾಠ ಅಲ್ಲಿಗೇ ನಿಂತಿತು.

ಆ ಸಂಜೆ ಅವನನ್ನು ಬಾಗಿಲವರೆಗೆ ಕಳಿಸಲು ಹೋದ ದಯಾಮಣಿ, ಯಾರಿಗೂ ಹೇಳದ್ದನ್ನು ಹೇಳಿದಳು. “ನಮ್ಮವ್ವ ಹೋದಾಗ... ನಾನೂ ಹಂಗ ಕಾದಿದ್ದೆ ರೀ.”

ಅವನು ಚಪ್ಪಲಿ ಮೆಟ್ಟುವುದನ್ನು ಬಿಟ್ಟು ನಿಂತ. “ಬರ್ತೇನ್ರಿ... ದಯಾಮಣಿ ಅವ್ರ,” ಎಂದ.

‘ಅಕ್ಕಾರ’ ಬಿದ್ದು ಹೋಗಿತ್ತು. ಅವಳು ಅದನ್ನು ಗಮನಿಸಿದಳು. ಅವಳು ಗಮನಿಸಿದ್ದನ್ನು ಅವನೂ ಗಮನಿಸಿದ.

---

ಮಳೆಗಾಲ ಮುಗಿಯುವ ಹೊತ್ತಿಗೆ ಇಬ್ಬರಿಗೂ ಗೊತ್ತಾಗಿತ್ತು, ಯಾರೂ ಹೇಳಿರಲಿಲ್ಲ.

ರಾಣಿ ಚನ್ನಮ್ಮನ ಸಮಾಧಿಯ ತೋಟದಲ್ಲಿ, ಶಾಲೆಯ ಮಕ್ಕಳು ಗದ್ದಲ ಹಾಕುತ್ತಿದ್ದ ಒಂದು ಮಧ್ಯಾಹ್ನ, ಅವನು ಬೆಂಚಿನ ಈ ತುದಿಯಲ್ಲಿ ಕೂತು ಆ ತುದಿಯಲ್ಲಿದ್ದ ಅವಳಿಗೆ ಹೇಳಿದ.

“ಬರೂ ಐತವಾರ ದೀಕ್ಷಾಸ್ನಾನ ತಗೋತೇನಿ. ಪಾಸ್ಟರಿಗೆ ಹೇಳೇನಿ. ಕೊರಳಾಗಿನ ಲಿಂಗ ಅವ್ವನ ಕೈಗೆ ಕೊಟ್ಟು ಬರ್ತೇನಿ. ಅದಾದ ಮ್ಯಾಲೆ... ಅವರ ಹತ್ರ ಇನ್ನೊಂದು ಕೇಳೂದೈತಿ. ನಿಮ್ಮನ್ನ.”

ದಯಾಮಣಿ ಕೈಯಲ್ಲಿದ್ದ ಪುಸ್ತಕ ಎದೆಗೆ ಒತ್ತಿಕೊಂಡಳು. ಹೂಂ ಎನ್ನಬೇಕು. ಇಷ್ಟೇ ಸಣ್ಣ ಶಬ್ದ... ಆದರೆ ಬಾಯಿಂದ ಬಂದದ್ದು ಬೇರೆ.

“ಮೂರನೇ ದಿನದ ಮಾತು... ಅದು ಒಳಗ ಇಳೀತೇನ್ರಿ?”

ಅವನು ನಕ್ಕು ಕೈ ಬೀಸಿದ. “ನೀವು ನಂಬ್ತೀರಲ್ಲ, ಸಾಕು. ಎಲ್ಲಾರ ಮುಂದ ‘ನಂಬುತ್ತೇನೆ’ ಅನಬೇಕು, ಅಂತೇನಿ. ನಿಮ್ಮ ಸಲುವಾಗಿ ಏನ್ ಬೇಕಾದ್ರೂ ಅಂತೇನಿ.”

ಇದಕ್ಕಿಂತ ಸಿಹಿಯಾದ ಮಾತನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಇದಕ್ಕಿಂತ ಹೆದರಿಸುವ ಮಾತನ್ನೂ.

ಆ ವಾರವೆಲ್ಲ ಅವಳು ಒದ್ದಾಡಿದಳು. ಅವನು ಕೈಬಿಡಲಿರುವುದು ಹುಟ್ಟಿದಾಗ ಅವ್ವ ಕಟ್ಟಿದ ಲಿಂಗವನ್ನು. ಹೇಳಲಿರುವುದು ತಾನು ನಂಬದ ಮಾತನ್ನು. ಎರಡೂ ತನ್ನ ಸಲುವಾಗಿ! ‘ದೇವರ ಮುಂದ ಸುಳ್ಳು ಹೇಳಿ ನನ್ನನ್ನ ತಗೊಂಡ್ರ, ಆ ಸುಳ್ಳು ನಮ್ಮ ಜೋಡಿನ ಸಂಸಾರ ಮಾಡೂದಿಲ್ಲೇನು? ನಾಳಿ ಒಂದು ಮಾತಿಗೆ ಜಗಳ ಬಂದ್ರ, ನಿನ್ನ ಸಲುವಾಗಿ ನನ್ನ ದೇವರನ್ನ ಬಿಟ್ಟೆ ಅನ್ನೂದಿಲ್ಲೇನು?’

ಆದರೆ ತಡೆದರೆ? ಅವನಿಲ್ಲದ ಗುರುವಾರಗಳು...

ಈ ಮಾತನ್ನು ಅವಳು ಅವನಿಗೇ ಹೇಳಬೇಕಿತ್ತು. ಹೇಳಲು ಧೈರ್ಯ ಬರಲಿಲ್ಲ. ಶನಿವಾರ ಸಂಜೆ ತಂದೆಗೆ ಹೇಳಿದಳು.

“ಅಪ್ಪಾ, ನಾಳೆ ಅವರಿಗೆ ಸ್ನಾನ ಕೊಡಬ್ಯಾಡ. ಅವರು ನನ್ನ ಸಲುವಾಗಿ ತಗೊಳ್ಳಾಕತ್ತಾರ.”

ಸಮುವೇಲಪ್ಪ ಮಗಳನ್ನು ದಿಟ್ಟಿಸಿದರು. ಆ ಒಂದು ವಾಕ್ಯದಲ್ಲಿ ಅವರಿಗೆ ಎರಡು ಸುದ್ದಿ ಸಿಕ್ಕಿತ್ತು. ಎರಡನೆಯದರ ಬಗ್ಗೆ ಅವರು ಏನೂ ಕೇಳಲಿಲ್ಲ.

ಭಾನುವಾರ ಉಳವಪ್ಪ ಹೊಸ ಬಿಳಿ ಅಂಗಿ ತೊಟ್ಟು ಬಂದ. ಸಮುವೇಲಪ್ಪ ಅವನನ್ನು ಪಕ್ಕದ ಕೋಣೆಗೆ ಕರೆದೊಯ್ದರು. ಸ್ವಲ್ಪ ಹೊತ್ತಿಗೆ ಹೊರಬಂದವನು ಜನರ ನಡುವಿನಿಂದಲೇ ನೆಟ್ಟಗೆ ದಯಾಮಣಿಯ ಎದುರು ಬಂದು ನಿಂತ.

“ಖರೇ ನಂಬ್ತೀಯೇನು ಅಂತ ಕೇಳಿದ್ರು. ಸುಳ್ಳು ಹೇಳಾಕ ಬಾಯಿ ಬರ್ಲಿಲ್ಲ. ಇವತ್ತು ಬ್ಯಾಡ ತಮ್ಮಾ ಅಂದ್ರು.” ಅವನ ಧ್ವನಿ ಬಹಳ ಮೆತ್ತಗಿತ್ತು. “ಅವರಿಗೆ ನೀವ ಹೇಳಿದ್ರಿ?”

ಅವಳು ತಲೆಯಾಡಿಸಿದಳು.

“ನನಗ ಹೇಳಾಕ ಏನಾಗಿತ್ರಿ? ತೋಟದಾಗ ಒಂದ ಬೆಂಚಿನ ಮ್ಯಾಲೆ ಕುಂತಿದ್ವಿ.”

ಹೇಳಬೇಕು... ಈಗಲಾದರೂ ಹೇಳಬೇಕು. ನೀವು ಬೇಕಾಗಿಯೇ ಬೇಡ ಅಂದೆ ಎಂದು. ಆದರೆ ಸುತ್ತ ಜನ. ಅವಳು ತನ್ನ ಕಾಲುಂಗುಟ ನೋಡುತ್ತ ನಿಂತಳು.

“ನಿಮಗ ಧಾರವಾಡದ ಒಬ್ಬ ಲೆಕ್ಚರರ ಸಂಬಂಧ ಬಂದೈತಂತ ಮಂದಿ ಅಂದಾಗ ನಾ ನಂಬಿದ್ದಿಲ್ಲ,” ಎಂದ ಅವನು. “ಅವರು ಹುಟ್ಟು ಕ್ರಿಸ್ತಾನರು. ಅವರಿಗೆ ಪರೀಕ್ಷೆ ಇರೂದಿಲ್ಲ. ಛಲೋ ಆತು ಬಿಡ್ರಿ.”

ಅವಳು ಕಣ್ಣೆತ್ತುವಷ್ಟರಲ್ಲಿ ಅವನು ಬಾಗಿಲು ದಾಟಿದ್ದ.

ಕ್ರಿಸ್‌ಮಸ್ಸಿಗೆ ಬೇರೆ ಊರಿನ ಮೈಕ್ ಸೆಟ್ ಬಂತು. ಬಜಾರದ ಅಂಗಡಿಯ ಬಾಗಿಲಿಗೆ ಬೀಗ ಬಿದ್ದಿತ್ತು. ಉಳವಪ್ಪ ಸಾಮಾನೆಲ್ಲ ಹೇರಿಕೊಂಡು ಹೂಲಿಗೆ ಹೋದ ಎಂದರು.

---

ದಿನಗಳು ಹೋದವು ಎನ್ನುವುದಕ್ಕಿಂತ, ದಯಾಮಣಿ ಅವುಗಳನ್ನು ಎಳೆದಳು ಎನ್ನಬೇಕು.

ಭಾನುವಾರ ಎಲ್ಲರೂ ಎದ್ದು ನಿಂತು ನಂಬಿಕೆಯ ಸಾಲುಗಳನ್ನು ಒಟ್ಟಿಗೆ ಹೇಳುವಾಗ ಅವಳ ಬಾಯಿ ಮೂರನೇ ದಿನದ ಸಾಲಿಗೆ ಬಂದು ತಡೆಯುತ್ತಿತ್ತು. ‘ನಾನು ಅವನಿಗೆ ಕೇಳಿದ್ದನ್ನ ನನಗ ಯಾರಾದ್ರೂ ಕೇಳ್ಯಾರೇನು?’ ಪಾಸ್ಟರ ಮಗಳಿಗೆ ಯಾರು ಕೇಳುತ್ತಾರೆ. ಅವ್ವನ ಗೋರಿಯ ಹತ್ತಿರ ನಿಂತಾಗ ತನಗೂ ಕಾಣುವುದು ಬರಿ ಮಣ್ಣೇ. ತಿಳಿದು ಹೇಳುತ್ತೇನೋ, ಬಾಯಿಪಾಠ ಹೇಳುತ್ತೇನೋ...

ಒಂದು ಬೆಳಿಗ್ಗೆ ತಂದೆಗೆ ಚಹಾ ಕೊಡುತ್ತ ಕೇಳಿಯೇಬಿಟ್ಟಳು. “ಅಪ್ಪಾ, ನೀನು ಯಾವಾಗ್ಲೂ ನಂಬ್ತಿಯೇನು? ಎಲ್ಲಾ ಸಾಲೂ?”

ಸಮುವೇಲಪ್ಪ ಬಸಿಯಲ್ಲಿದ್ದ ಚಹಾಕ್ಕೆ ಊದಿದರು. “ನಿಮ್ಮವ್ವ ಹೋದ ವರ್ಷ, ಆ ಸಾಲು ಬಂದಾಗ ನನ್ನ ಬಾಯಿ ಅಷ್ಟ ಆಡ್ತಿತ್ತು ಮಗಳ. ಧ್ವನಿ ಬರ್ತಿರ್ಲಿಲ್ಲ. ಹಿಂದ ಕುಂತ ಮುದುಕಿ ಗಟ್ಟಿಯಾಗಿ ಅಂತಿದ್ಲು. ಸಣ್ಣ ಹುಡುಗ್ರು ಅಂತಿದ್ವು. ನನ್ನ ಪಾಲಿಂದೂ ಅವರ ಅಂತಾರ ಅಂತ ನಿಂತಿರ್ತಿದ್ದೆ. ಒಂದು ದಿನ ನನ್ನ ಧ್ವನಿ ತಿರುಗಿ ಬಂತು. ಹೆಂಗ ಬಂತು ಕೇಳಬ್ಯಾಡ, ನನಗೂ ಗೊತ್ತಿಲ್ಲ.”

“ಮತ್ತ ಅವರಿಗೆ ಯಾಕ ಸ್ನಾನ ಕೊಡ್ಲಿಲ್ಲ?”

“ನಾ ನಂಬಾಕ ಒದ್ದಾಡ್ತಿದ್ದೆ ದಯಾ. ಅವನು ನಂಬಿದಂಗ ಮಾಡಾಕ ಹೊಂಟಿದ್ದ. ಎರಡೂ ಬ್ಯಾರೆ.” ಅವರು ಬಸಿ ಕೆಳಗಿಟ್ಟರು. “ಆದ್ರ ಅವನು ಹಂಗ ಮಾಡಿದ್ದಕ್ಕ ಒಂದು ಕಾರಣ ಐತಿ. ನಂಬಿದ್ರ ಅಷ್ಟ ನೀ ಸಿಗ್ತಿ ಅಂತ ಅವನ ತಲ್ಯಾಗ ಇತ್ತು. ಹಂಗಲ್ಲ ಅಂತ ಅವನಿಗೆ ಯಾರರ ಹೇಳಿದ್ರೇನು?”

ದಯಾಮಣಿ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು.

ಯಾರೂ ಹೇಳಿರಲಿಲ್ಲ. ಗಳಿಸದೆಯೇ ಸಿಗುವ ಪ್ರೀತಿಯ ಬಗ್ಗೆ ಆ ಮನೆಯಲ್ಲಿ ಎಷ್ಟು ಗುರುವಾರ ಮಾತಾಗಿತ್ತು. ಅವಳ ಪ್ರೀತಿಗೂ ಬೆಲೆ ಇಲ್ಲ, ಪರೀಕ್ಷೆ ಇಲ್ಲ ಎಂಬುದನ್ನು ಮಾತ್ರ ಅವಳು ಅವನಿಗೆ ಒಂದು ದಿನವೂ ಹೇಳಿರಲಿಲ್ಲ!

“ಅಪ್ಪಾ... ನಾನು ಹೂಲಿಗೆ ಹೋಗಿ ಬರ್ಲೇನು?”

“ಅವನು ಎಂದೂ ನಂಬದಿದ್ರೂನು?”

“ನಂಬದಿದ್ರೂನು. ನಾನು ನಂಬೂದು ಬಿಡೂದಿಲ್ಲ. ಅವರನ್ನೂ ಬಿಡೂದಿಲ್ಲ.”

ಅಷ್ಟು ಶಾಂತವಾಗಿ ಹೇಳಿದ್ದು ಕೇಳಿ ಸಮುವೇಲಪ್ಪನವರಿಗೆ ಇವಳು ತಮ್ಮ ಮಗಳೇನಾ ಎನ್ನಿಸಿತು. ಕನ್ನಡಕ ತೆಗೆದು ಒರೆಸಿದರು.

“ನನಗ ದುಃಖ ಇಲ್ಲಂತಲ್ಲ. ಸಭೆಯವರು ನನ್ನನ್ನ ಕೇಳ್ತಾರ.”

“ಕೇಳ್ತಾರಪ್ಪ.”

“ಕೇಳ್ಲಿ. ಅದಕ್ಕ ಪಗಾರ ತಗೋತೇನಲ್ಲ.” ಅವರು ಎದ್ದು ಗೂಟದಿಂದ ಅವಳ ಚೀಲ ತೆಗೆದುಕೊಟ್ಟರು. “ಸವದತ್ತಿ ಬಸ್ಸಿಗೆ ಮುಂದಿನ ಸೀಟು ಹಿಡಿ. ಹಿಂದ ಧೂಳು ಭಾಳ.”

---

ಸವದತ್ತಿಯಲ್ಲಿ ಇಳಿದು ಟೆಂಪೋ ಹತ್ತಿ ಹೂಲಿಗೆ ಬರುವಾಗ ಬಿಳಿಜೋಳದ ಹೊಲಗಳೆಲ್ಲ ಕೊಯ್ದು ಬರಿದಾಗಿದ್ದವು. ಗುಡ್ಡದ ಬುಡದ ಹಳೆಯ ಗುಡಿಗಳ ದಾರಿಯಲ್ಲಿ ಕೇಳಿಕೊಂಡು ಹೋದವಳಿಗೆ ಮನೆ ಸಿಗುವುದು ಕಷ್ಟವಾಗಲಿಲ್ಲ. ಮಾಳಿಗೆಯ ಮೇಲೆ ನಾಲ್ಕು ಹಾರ್ನು ಆಕಾಶಕ್ಕೆ ಬಾಯಿ ತೆರೆದು ಕೂತಿದ್ದವು.

ಕಟ್ಟೆಯ ಮೇಲೆ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದ ಹೆಂಗಸು ಕೈ ನಿಲ್ಲಿಸಿ ಮೇಲೆ ಕೆಳಗೆ ನೋಡಿದಳು. ಉಳವಪ್ಪನ ತಾಯಿ ಸೋಮವ್ವ.

“ಯಾರವ್ವಾ ನೀ?”

“ಬೈಲಹೊಂಗಲದಿಂದ ಬಂದೇನ್ರಿ ಅವ್ವಾರ. ದಯಾಮಣಿ ಅಂತ.”

ಮೊರ ನೆಲಕ್ಕಿಳಿಯಿತು. “ಹೋ... ನೀನ ಏನು ನನ್ನ ಮಗನ್ನ ಕ್ರಿಸ್ತಾನ ಮಾಡಾಕ ಹೊಂಟಾಕಿ?”

ಯಾವತ್ತೂ ಇಲ್ಲದ ಮಾತು ದಯಾಮಣಿಯ ಬಾಯಿಂದ ತಾನಾಗಿ ಬಂತು. “ಅಲ್ರಿ ಅವ್ವಾರ. ಮಾಡಬ್ಯಾಡ್ರಿ ಅಂದಾಕಿ ನಾನು.”

ಸೋಮವ್ವನಿಗೆ ಇದು ಅನಿರೀಕ್ಷಿತ. ಅವಳು ಕಣ್ಣು ಸಣ್ಣದು ಮಾಡಿದಳು. “ಲಿಂಗ ತಂದು ನನ್ನ ಉಡಿಯಾಗ ಹಾಕಿ ಹೋಗಿದ್ದ. ಎರಡು ದಿನ ನಾ ಅನ್ನ ಮುಟ್ಟಲಿಲ್ಲ. ಆಮ್ಯಾಲೆ ಬಂದ, ಮಾತಿಲ್ಲ ಕತಿಯಿಲ್ಲ, ತಿರುಗಿ ಕಟ್ಟಿಕೊಂಡ. ಏನಾತೋ ಅಂದ್ರ, ಅವರು ನನ್ನ ತಗೋಳಿಲ್ಲಬೇ ಅಂದ. ಯಾರು ಬ್ಯಾಡ ಅಂದ್ರು ಅಂತ ಹೇಳಲಿಲ್ಲ.” ಕೈಗಂಟಿದ ಹೊಟ್ಟು ಕೊಡವಿದಳು. “ನೀ ಬ್ಯಾಡ ಅಂದಿ?”

“ಮನಸ್ಸಿನಾಗ ಇಲ್ಲದ್ದನ್ನ ನನ್ನ ಸಲುವಾಗಿ ಅನಬಾರದಂತ ಅಂದೆ ರೀ. ಆದ್ರ ಅವರಿಗೆ ಸಿಟ್ಟು ಬಂತು.”

“ಬರದ ಇರ್ತೈತೇನು, ಅವನೂ ಅವರಪ್ಪನ ಮಗಾನ.” ಸೋಮವ್ವ ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. “ನಮ್ಮ ಮನಿತನಕ್ಕ ಇದು ಹೊಂದೂದಲ್ಲ, ಖರೇ ಹೇಳ್ತೇನಿ. ಮಂದಿ ನಾಲ್ಕು ಮಾತಾಡ್ತಾರ. ಆದ್ರ ಬಿಸಲಾಗ ಬಂದೀದಿ, ಮೊದಲ ನೀರು ಕುಡಿ. ಉಳಿದದ್ದು ಆಮ್ಯಾಲೆ ಜಗಳ ಮಾಡೂಣು.” ಒಳಗೆ ತಿರುಗಿ ಕೂಗಿದಳು. “ಏ ಉಳವ್ಯಾ, ನಿನ್ನ ಪೆಟಗಿ ಬಿಟ್ಟು ಹೊರಗ ಬಾ. ಮೂರು ತಿಂಗಳಿಂದ ಯಾರ ಮಾರಿ ನೆನಸಿ ರೊಟ್ಟಿ ಒಲ್ಲೆ ಅಂತಿದ್ದಿ, ಆ ಮಾರಿ ಬಂದೈತಿ.”

ಉಳವಪ್ಪ ಸ್ಕ್ರೂಡ್ರೈವರ್ ಕೈಯಲ್ಲೇ ಹಿಡಿದು ಬಂದ. ಬಾಗಿಲಲ್ಲಿ ನಿಂತುಬಿಟ್ಟ. ಸೋಮವ್ವ ಬೆಲ್ಲ, ನೀರು ತಂದಿಟ್ಟು ಮೊರ ಎತ್ತಿಕೊಂಡು ಹಿತ್ತಲಿಗೆ ಹೋದಳು. ಹೋಗುವಾಗ ಮಗನ ಬೆನ್ನಿಗೊಂದು ಗುದ್ದಿದಳು.

“ಲಗ್ನದ ಕಾಗದ ಕೊಡಾಕ ಬಂದ್ರೇನ್ರಿ?” ಎಂದ ಅವನು ಕೊನೆಗೆ.

“ಧಾರವಾಡದವರಿಗೆ ನಾನು ಬ್ಯಾಡ ಅಂದದ್ದು ಮಳಿಗಾಲದಾಗ,” ಎಂದಳು ದಯಾಮಣಿ. “ನೀವು ತೋಟದಾಗ ಕೇಳೂಕಿಂತ ಮೊದಲ.”

ಅವನ ಕೈಯಿಂದ ಸ್ಕ್ರೂಡ್ರೈವರ್ ಜಾರಿತು. ಎತ್ತಿಕೊಳ್ಳಲಿಲ್ಲ.

“ಮತ್ತ ಅವತ್ತು ಯಾಕ ಸುಮ್ಮನ ನಿಂತ್ರಿ?”

“ನನಗ ಮಾತು ತಡಾ ಆಗಿ ಬರ್ತಾವ್ರಿ. ಇವತ್ತು ಬಂದಾವು. ನಡುವ ಬಾಯಿ ಹಾಕಬ್ಯಾಡ್ರಿ, ಮತ್ತ ನಿಂತು ಹೋಗ್ತಾವು.” ಅವಳು ಉಸಿರೆಳೆದುಕೊಂಡಳು. “ಅಪ್ಪಗ ಹೇಳೂಕಿಂತ ಮೊದಲ ನಿಮಗ ಹೇಳಬೇಕಿತ್ತು. ಅದು ನನ್ನ ತಪ್ಪು. ಆದ್ರ ಬ್ಯಾಡ ಅಂದದ್ದು ತಪ್ಪಲ್ಲ. ನೀವು ನಂಬಿದ್ರ ಅಷ್ಟ ನಾನು ನಿಮ್ಮಾಕಿ ಅಂತ ನೀವು ತಿಳಿದಿದ್ರಿ. ಹಂಗ ಇಲ್ರಿ. ನನ್ನ ಮನಸ್ಸು ನಿಮಗ ಯಾವಾಗೋ ಹೋಗೈತಿ, ಏನೂ ಕೇಳದ. ನೀವು ಏನೂ ಅನ್ನೂದು ಬ್ಯಾಡ. ಲಿಂಗ ಬಿಚ್ಚೂದು ಬ್ಯಾಡ. ನಾನು ಪ್ರಾರ್ಥನಾ ಬಿಡೂದಿಲ್ಲ, ಐತವಾರ ಬಿಡೂದಿಲ್ಲ. ಅಷ್ಟು ನಿಮಗ ನಡೀತೈತಿ ಅಂದ್ರ... ರಜಿಸ್ಟರ ಆಫೀಸಿನಾಗ ಸಹಿ ಮಾಡೂಣು. ಅಪ್ಪಗ ಗೊತ್ತೈತಿ.”

ಇಷ್ಟು ಮಾತನ್ನು ಅವಳು ಜೀವನದಲ್ಲಿ ಒಟ್ಟಿಗೆ ಆಡಿರಲಿಲ್ಲ. ಮುಗಿದ ಕೂಡಲೇ ಕಟ್ಟೆಯ ಮೇಲೆ ಕೂತಳು.

ಉಳವಪ್ಪ ಬಂದು ಕೂತ. ಈ ಸಲ ನಡುವೆ ಬೆಂಚಿನಷ್ಟು ದೂರವಿರಲಿಲ್ಲ.

“ಸಿಟ್ಟಿನಾಗ ಎಲ್ಲಾ ಮರೀಬೇಕಂತ ಮಾಡಿದ್ದೆ,” ಎಂದ ಮೆಲ್ಲಗೆ. “ಪಾಸ್ಟರು ಹೇಳಿದ್ದು ಬಿಡವಲ್ದು. ಎಲ್ಲೋ ಲಗ್ನದಾಗ ಮೈಕು ಕಟ್ಟೂವಾಗ ನೆನಪಾಗ್ತೈತಿ. ಕ್ಷಮಾ ಅನ್ನೂದನ್ನ ಈಗ ನಂಬ್ತೇನಿ. ಯಾಕಂದ್ರ ನನಗ ಬೇಕಾಗಿತ್ತದು. ಎಲ್ಲಾರ ಮುಂದ ನಿಮಗ ಹಂಗ ಅಂದು ಬಂದೆ...”

“ಬಿಡ್ರಿ ಅದನ್ನ.”

“ಬಿಟ್ಟ್ರೇನು?”

“ಬಿಟ್ಟು ಬಸ್ ಹತ್ತಿ ಬಂದೇನಿ.”

ಅವನು ನಕ್ಕ. ಕಣ್ಣು ಒದ್ದೆಯಾಗಿತ್ತು. ಹಿತ್ತಲಿನಿಂದ ಜೋಳ ಕೇರುವ ಸದ್ದು ನಿಂತು ನಿಂತು ಬರುತ್ತಿತ್ತು. ಸೋಮವ್ವ ಕೇಳಿಸಿಕೊಳ್ಳುತ್ತಿದ್ದಾಳೆಂದು ಇಬ್ಬರಿಗೂ ಗೊತ್ತಾಯಿತು.

“ಆದ್ರ ಆ ಸಾಲು ಇನ್ನೂ ಇಳಿದಿಲ್ಲ ನನಗ,” ಎಂದ ಉಳವಪ್ಪ. “ಎಂದರ ಇಳೀತೈತೋ ಇಲ್ಲೋ, ಗೊತ್ತಿಲ್ಲ. ಸುಳ್ಳು ಹೇಳೂದಿಲ್ಲ.”

“ಅದಕ್ಕ ಬಂದೇನಿ.”

ಅವನು ಅವಳ ಕಡೆ ತಿರುಗಿದ. “ಒಂದು ಕೇಳ್ಲೇನು? ನೀ... ನೀವು ಖರೇನ ನಂಬ್ತೀರೇನು, ಮೂರನೇ ದಿನದ್ದು?”

ದಯಾಮಣಿ ಅವ್ವನನ್ನು ನೆನೆದಳು. ಗೋರಿಯ ಮಣ್ಣನ್ನು ನೆನೆದಳು. ಧ್ವನಿಯಿಲ್ಲದೆ ಬಾಯಾಡಿಸುತ್ತ ನಿಂತಿದ್ದ ಅಪ್ಪನನ್ನೂ.

“ನಂಬ್ತೇನಿ,” ಎಂದಳು. “ಒಂದೊಂದು ದಿನ ನಂಬಾಕ ಭಾಳ ಹೊತ್ತು ಹಿಡೀತೈತಿ.”

“ಆ ಹೊತ್ತಿನಾಗ ನಾ ನಿನ್ನ ಜೋಡಿ ಕುಂದರ್ಲೇನು?”

ಅವಳು ಅವನ ಕಡೆ ನೋಡಿದಳು. ಮೊದಲ ಸಲ, ತಲೆ ತಗ್ಗಿಸದೆ.

“ಕುಂದರ್ರಿ,” ಎಂದಳು.